ತೂಬಿನತ್ತ ಹೋದ ತೆಪ್ಪ

"ಅಜ್ಜಾವರೇ, ಆಕಾಶದಲ್ಲಿರುವ ಕಪ್ಪು ಕುಳಿಯ ಹತ್ತಿರ ಹೊತ್ತು ನಿಧಾನವಾಗಿ ಸರಿಯುತ್ತದೆ, ದೂರದಲ್ಲಿ ಬೇಗ ಸರಿಯುತ್ತದೆ ಎನ್ನುತ್ತಾರೆ. ಎರಡರಲ್ಲಿ ಸರಿಯಾದ ಹೊತ್ತು ಯಾವುದು?" ಎಂದು ಮುರಿಗಯ್ಯ ಕೇಳಿದ.

ಮಠದ ಅಜ್ಜನವರು ಹಣೆ ಹಣೆ ಚಚ್ಚಿಕೊಂಡರು. ಈ ಪ್ರಶ್ನೆ ಕೇಳಿ ಕೇಳಿ ಅವರ ತಲೆ ಚಿಟ್ಟು ಹಿಡಿದಿತ್ತು. ಊರಿನ ಶಾಲೆಗೆ ಯಾರೋ ಬಂದು ಕಪ್ಪು ಕುಳಿಯ ಮೇಲೆ ಭಾಷಣ ಮಾಡಿ ಹೋದದ್ದೇ ಬಂತು, ಮಠದ ಇಬ್ಬರು ಶಿಷ್ಯರು, ಈ ಮುರಿಗಯ್ಯ ಮತ್ತು ಅವನ ಜೊತೆಗಾರ ಈರಯ್ಯ, ಹಾವು ಮುಂಗುಸಿಯಾಗಿದ್ದರು. ಕುಳಿಯ ಹತ್ತಿರ ಇರುವವನ ಹೊತ್ತೇ ಸರಿ ಎಂದು ಈರಯ್ಯ. ದೂರ ನಿಂತು ನೋಡುವವನ ಹೊತ್ತೇ ಸರಿ ಎಂದು ಮುರಿಗಯ್ಯ. ಮಾತಿಗೆ ಮಾತು ಬೆಳೆದು, ಊಟದ ಪಂಕ್ತಿಯಲ್ಲಿ ಎಲ್ಲರೆದುರು ಮುರಿಗಯ್ಯ, "ನಿನ್ನ ತಲೆಯಲ್ಲಿ ಇರುವುದು ಬರೀ ಸಗಣಿ" ಎಂದುಬಿಟ್ಟಿದ್ದ. ಈರಯ್ಯ ಅನ್ನ ಬಿಟ್ಟು ಎದ್ದಿದ್ದ. ಈಗ ಬಟ್ಟೆಗಂಟು ಕಟ್ಟಿಕೊಂಡು, ಇನ್ನೆಂದೂ ಈ ಮಠಕ್ಕೆ ಕಾಲಿಡುವುದಿಲ್ಲವೆಂದು ಹೇಳಿ, ಹೆಬ್ಬಾಗಿಲ ಕಟ್ಟೆಯ ಮೇಲೆ ಬಸ್ಸು ಕಾಯುತ್ತ ಕುಳಿತಿದ್ದ. ಚಿಕ್ಕಂದಿನಿಂದ ಒಟ್ಟಿಗೆ ಉಂಡು ಒಟ್ಟಿಗೆ ಬೆಳೆದವರು. ಹೋಗಿ ಅವನ ಕೈ ಹಿಡಿಯುವುದು ಬಿಟ್ಟು ಇವನು ತೀರ್ಪು ಕೇಳಲು ಒಳಗೆ ಬಂದಿದ್ದಾನೆ.

"ಬಸ್ಸು ಬರುವುದರೊಳಗೆ ಹೇಳಿಬಿಡಿ, ಅಜ್ಜಾವರೇ," ಎಂದ ಮುರಿಗಯ್ಯ. "ಹೋಗುವ ಮೊದಲು ನಾನೇ ಸರಿ ಎನ್ನುವುದು ಅವನ ಕಿವಿಗೆ ಬೀಳಲಿ."

"ನಿನ್ನ ಜೊತೆ ಏಗುವುದಕ್ಕಿಂತ ಬಂಡೆಗಲ್ಲಿಗೆ ಪಾಠ ಹೇಳುವುದು ಸುಲಭ," ಎಂದರು ಅಜ್ಜನವರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಮುರಿಗಯ್ಯ ಕುಳಿತ. ಅಜ್ಜನವರು ಹೇಳತೊಡಗಿದರು.

ಬಾತುಕೋಳಿ ಕಾಯುವವನೊಬ್ಬನಿದ್ದ. ಅವನಿಗೊಬ್ಬ ಹೆಂಡತಿ. ಕೆರೆಯಿಂದ ಕೆರೆಗೆ ಬಾತುಗಳನ್ನು ಹೊಡೆದುಕೊಂಡು ಹೋಗುವುದೇ ಅವರ ಬದುಕು. ಹೊಸ ಕೆರೆಗೆ ಬಂದರೆ ಅವರು ಹಿಂಡನ್ನು ಹಾಗೇ ನೀರಿಗೆ ಬಿಡುತ್ತಿರಲಿಲ್ಲ. ಮೊದಲು ಗಂಡ ಒಂದು ಬುಟ್ಟಿ ಬಾತು ಇಟ್ಟುಕೊಂಡು ತೆಪ್ಪದ ಮೇಲೆ ಹೋಗಿ ನೀರು ನೋಡಿ ಬರಬೇಕು. ತೆಪ್ಪಕ್ಕೆ ಕಟ್ಟಿದ ಹಗ್ಗ ದಡದಲ್ಲಿ ಹೆಂಡತಿಯ ಕೈಯಲ್ಲಿರಬೇಕು. ಗಂಡ ಬೀಸುವ ಕಲ್ಲಿನ ಹಾಡು ಹೇಳುತ್ತಾ ಹೋಗುತ್ತಾನೆ. ಒಂದು ನುಡಿ ಮುಗಿದಾಗ ಒಂದು ಬಾತನ್ನು ನೀರಿಗೆ ಬಿಡುತ್ತಾನೆ. ದಡದಲ್ಲಿ ಅವಳೂ ಅದೇ ಹಾಡು ಹೇಳುತ್ತಾ ತೌಡು ಚೆಲ್ಲಿಕೊಂಡು ನಿಂತಿರುತ್ತಾಳೆ. ತೌಡಿನ ಆಸೆಗೆ ಬಾತು ನೇರ ಅವಳ ಹತ್ತಿರ ಈಜಿ ಬರುತ್ತದೆ. ನುಡಿಗೊಂದು ಬಾತು ಬರುತ್ತಿದ್ದರೆ ಗಂಡ ಕ್ಷೇಮ. ಬರುವುದು ನಿಂತರೆ ಹಗ್ಗ ಎಳೆಯಬೇಕು. ಅವರ ಅಪ್ಪ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಅದು.

ಹಾಡನ್ನು ಗಂಡನಿಗೆ ಕಲಿಸಿದವಳು ಹೆಂಡತಿಯೇ. ಇಬ್ಬರ ಲಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಗಂಡ ಒಳ್ಳೆಯವನೇ. ಆದರೆ ಶುದ್ಧ ಸೋಮಾರಿ. ಉಪ್ಪು ತರಲು ಕಳಿಸಿದರೆ ಸಾರು ಆರಿ ತಣ್ಣಗಾದ ಮೇಲೆ ಬರುವ ಆಸಾಮಿ. ಕೂಗಿದರೆ "ಬಂದೆ, ಬಂದೆ" ಎನ್ನುತ್ತಾನೆ, ಎದ್ದು ಬರುವುದಿಲ್ಲ. ಅವನನ್ನು ಕಾದು ಕಾದು ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಒಮ್ಮೆ ಅವರು ಒಂದು ದೊಡ್ಡ ಕೆರೆಗೆ ಬಂದರು. ಕೆಳಗಿನ ಗದ್ದೆಗಳಿಗೆ ನೀರು ಹಾಯಿಸಲು ಊರಿನವರು ಕೆರೆಯ ತೂಬು ತೆರೆದಿದ್ದರು. ಅದು ಇವರಿಗೆ ಗೊತ್ತಿರಲಿಲ್ಲ. ತೂಬಿನ ಬಾಯಿ ಇದ್ದದ್ದು ನೀರಿನ ತಳದಲ್ಲಿ. ಮೇಲೆ ಒಂದು ಅಲೆಯೂ ಇರಲಿಲ್ಲ. ಆದರೆ ಕೆರೆಯ ನೀರೆಲ್ಲ ಸದ್ದಿಲ್ಲದೆ ಅತ್ತಲೇ ಸರಿಯುತ್ತಿತ್ತು, ಹತ್ತಿರ ಹೋದಷ್ಟೂ ಜೋರಾಗಿ.

"ಹೊತ್ತು ಮಾಡಬೇಡ. ಹಿಂಡು ಹಸಿದಿದೆ," ಎಂದಳು ಹೆಂಡತಿ.

"ಹೀಗೆ ಹೋದೆ, ಹಾಗೆ ಬಂದೆ," ಎಂದು ಗಂಡ ತೆಪ್ಪ ಹತ್ತಿದ. ಸ್ವಲ್ಪ ಹೊತ್ತಿನಲ್ಲಿ ತೆಪ್ಪ ಜೊಂಡಿನ ಮರೆಯಾಯಿತು.

ಮೊದಲ ಬಾತು ಬೇಗನೆ ಬಂತು. ಎರಡನೆಯದು ಬರುವಷ್ಟರಲ್ಲಿ ಅವಳು ಒಂದಲ್ಲ, ಎರಡು ನುಡಿ ಹೇಳಿ ಮುಗಿಸಿದ್ದಳು. ಮೂರನೆಯದಕ್ಕೆ ಇನ್ನೂ ಹೆಚ್ಚು ಕಾಯಬೇಕಾಯಿತು. ಬಂದದ್ದೂ ಹೇಗೆ? ಕೊಕ್ಕು ತೆರೆದು ಏದುಸಿರು ಬಿಡುತ್ತಾ ಬಂತು. ಗಂಡ ನುಡಿ ತಪ್ಪಿಸಿರಲಿಲ್ಲ. ಬಾತುಗಳೂ ತಮ್ಮ ಈಜು ಬಿಟ್ಟಿರಲಿಲ್ಲ. ನೀರು ಎದುರು ಹರಿಯುತ್ತಿತ್ತು. ಬಾತು ಎರಡು ಮಾರು ಮುಂದೆ ಈಜಿದರೆ ನೀರು ಒಂದು ಮಾರು ಹಿಂದಕ್ಕೆ ಒಯ್ಯುತ್ತಿತ್ತು.

"ಅಜ್ಜಾವರೇ, ತೂಬು ಎಂದರೆ ಕಪ್ಪು ಕುಳಿ, ಬಾತು ಎಂದರೆ ಬೆಳಕು, ಅಲ್ಲವೇ?" ಎಂದ ಮುರಿಗಯ್ಯ.

"ಬಾಯಿ ಹಾಕಬೇಡ ಎಂದೆನಲ್ಲೋ! ಹೌದು. ಆ ಸೆಳೆತಕ್ಕೆ ಎದುರಾಗಿ ಬರುವ ಬೆಳಕು ಸೊರಗಿ ಕೆಂಪಾಗುತ್ತದೆ, ತಡವಾಗಿ ಬರುತ್ತದೆ. ಅಲ್ಲಿಯವನ ಒಂದು ಗಳಿಗೆ ಇಲ್ಲಿಂದ ನೋಡುವವನಿಗೆ ಹತ್ತು ಗಳಿಗೆಯಾಗಿ ಕಾಣುತ್ತದೆ. ತಿಳಿಯಿತಲ್ಲ? ಇನ್ನು ಸುಮ್ಮನಿರು."

ಹೆಂಡತಿಗೆ ರೇಗಿತು. "ಏ! ಅಲ್ಲೇನು ಬೀಗರ ಮನೆ ಸಿಕ್ಕಿತೇ ನಿನಗೆ? ಬೇಗ ಬೇಗ ಬಿಡು!" ಎಂದು ಕೂಗಿದಳು.

ಗಾಳಿ ದಡದಿಂದ ಕೆರೆಯ ಕಡೆಗೆ ಬೀಸುತ್ತಿತ್ತು. ಅವಳ ಕೂಗು ಅವನಿಗೆ ಕೇಳಿಸಿತು. "ನುಡಿಗೊಂದು ಬಿಡುತ್ತಲೇ ಇದ್ದೇನಲ್ಲೇ! ಎಷ್ಟು ಮಾಡಿದರೂ ಇವಳ ಬಾಯಿ ಮುಚ್ಚುವುದಿಲ್ಲ," ಎಂದು ಅವನು ಗೊಣಗಿದ್ದು ಮಾತ್ರ ಅವಳಿಗೆ ಕೇಳಿಸಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜನ್ಮದಲ್ಲಿ ಅವನು ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದು ಅದೇ ಮೊದಲು.

ಹಗ್ಗ ಅವಳ ಕೈಯನ್ನು ಜಗ್ಗುತ್ತಲೇ ಇತ್ತು. ಇನ್ನೂ ಮುಂದೆ ಹೋಗಬೇಕಂತೆ ಮಹಾರಾಯನಿಗೆ ಎಂದುಕೊಂಡು ಅವಳು ಬಿಡುತ್ತಲೇ ಹೋದಳು. ಒಮ್ಮೆ, ಎಳೆದೇಬಿಡಲೇ ಎನಿಸಿತು. ಎಳೆದರೆ, ನಿನಗೆ ತಾಳ್ಮೆಯೇ ಇಲ್ಲ ಎಂದು ಅವನು ಊರ ತುಂಬ ಆಡಿಕೊಳ್ಳುತ್ತಾನೆ. ತಪ್ಪು ಅವನದು, ಸೋಲುವುದು ನಾನೇಕೆ? ಬಾತು ಬರುವುದು ನಿಂತಿಲ್ಲವಲ್ಲ, ತಡವಾಗುತ್ತಿದೆ, ಅಷ್ಟೇ. ಅವನಾಗಿಯೇ ಬರಲಿ, ಬಂದು ತಪ್ಪಾಯಿತು ಎನ್ನಲಿ. ಅವಳು ಹಗ್ಗವನ್ನು ಕಾಲ ಬುಡದಲ್ಲಿ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

ತೂಬಿನ ಸುತ್ತ ಒಂದು ಜಾಗವಿತ್ತು. ಅಲ್ಲಿ ನೀರು ಬಾತು ಈಜುವಷ್ಟೇ ಜೋರಾಗಿ ಒಳಕ್ಕೆ ಹರಿಯುತ್ತಿತ್ತು. ಅಲ್ಲಿ ಯಾರೂ ಗೂಟ ನೆಟ್ಟಿರಲಿಲ್ಲ, ಗೆರೆ ಎಳೆದಿರಲಿಲ್ಲ. ತೆಪ್ಪ ಅದನ್ನು ದಾಟುವಾಗ ಗಂಡನಿಗೆ ಏನೂ ಅನಿಸಲಿಲ್ಲ. ಸರಿಯಾಗಿ ಅಲ್ಲಿಯೇ ಒಂದು ನುಡಿ ಮುಗಿಯಿತು. ಅವನು ಬಾತು ಬಿಟ್ಟ. ಮುಂದಿನ ನುಡಿ ಎತ್ತಿಕೊಂಡ.

ಆ ಬಾತು ಜೊಂಡಿನ ಸಂದಿಯಲ್ಲಿ ಹೆಂಡತಿಗೆ ಕಾಣಿಸಿತು. ದಡದ ಕಡೆಗೇ ಮುಖ ಮಾಡಿತ್ತು. ಅವಳು ಒಂದು ನುಡಿ ಹೇಳಿದಳು. ಇನ್ನೊಂದು ಹೇಳಿದಳು. ಹಾಡೇ ಮುಗಿದು ಮತ್ತೆ ಮೊದಲಿನಿಂದ ಹೇಳಿದಳು. ಬಾತು ಇದ್ದಲ್ಲೇ ಇತ್ತು.

"ಯಜಮಾನನಿಗೆ ತಕ್ಕ ಬಾತು! ನಿನಗೂ ಅಂಟಿತೇ ಅವನ ಸೋಮಾರಿತನ?" ಎಂದು ಬೈದಳು. ಬೈಯುತ್ತಲೇ ದಿಟ್ಟಿಸಿ ನೋಡಿದಳು. ಬಾತಿನ ಹಿಂದೆ ನೀರು ಚಿಮ್ಮುತ್ತಿತ್ತು. ಅದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಈಜುತ್ತಿತ್ತು, ಆದರೂ ಒಂದು ಗೇಣು ಮುಂದೆ ಬರುತ್ತಿರಲಿಲ್ಲ. ಆಗ ಅವಳಿಗೆ ಹೊಳೆಯಿತು. ತಡ ಮಾಡುತ್ತಿರುವುದು ಗಂಡನೂ ಅಲ್ಲ, ಬಾತೂ ಅಲ್ಲ. ಕೆರೆಯೇ ಓಡುತ್ತಿದೆ.

"ಅಯ್ಯೋ, ನನ್ನ ಕರ್ಮವೇ!" ಎಂದು ಹಗ್ಗಕ್ಕೆ ಬಾಗಿದಳು. ಕಾಲ ಬುಡದಲ್ಲಿ ಹಗ್ಗ ಇರಲಿಲ್ಲ. ಅದರ ತುದಿ ನೀರಿನ ಮೇಲೆ ಸರಸರನೆ ಹೋಗುತ್ತಿತ್ತು. ಅವಳು ಎದೆಮಟ್ಟದ ನೀರಿಗೆ ಇಳಿದು ಕೈ ಚಾಚಿದಳು. ಸಿಗಲಿಲ್ಲ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಹೊರಗೆ, ದೂರದ ತಿರುವಿನಲ್ಲಿ, ಬಸ್ಸಿನ ಹಾರ್ನ್ ಕೇಳಿಸಿತು.

"ಅದೆಲ್ಲ ಸರಿ, ಅಜ್ಜಾವರೇ," ಎಂದ ಮುರಿಗಯ್ಯ. "ಆದರೆ ಯಾರ ಹಾಡಿನ ಹೊತ್ತು ಸರಿ, ಯಾರದು ತಪ್ಪು ಎಂದು ನೀವು ಹೇಳಲೇ ಇಲ್ಲವಲ್ಲ?"

"ಹಾಡು ಇಬ್ಬರದೂ ಸರಿಯಾಗಿಯೇ ಇತ್ತು ಕಣೋ," ಎಂದರು ಅಜ್ಜನವರು, "ಹಗ್ಗ ಮಾತ್ರ ಒಬ್ಬಳ ಕೈಯಲ್ಲಿತ್ತು."