ಗಬ್ಬದ ಎಮ್ಮೆಯ ಮೇವು

“ಗುರುಗಳೇ, ಬಸುರಿ ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದಂತೆ. ನಿಜವೇ?” ಎಂದು ಕಲ್ಮೇಶ ಕೇಳಿದ.

ಅವನ ಹೆಂಡತಿಗೆ ಆಗ ಏಳು ತಿಂಗಳು. ಅವನ ತಾಯಿ ಅವಳಿಗೆ ಹೊತ್ತಿಗೊಂದೇ ರೊಟ್ಟಿ ಕೊಡುತ್ತಿದ್ದಳು. ಅಂದು ಬೆಳಿಗ್ಗೆ ಕೊಡ ಎತ್ತಲು ಹೋದ ಹೆಂಡತಿ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಅದನ್ನು ಕಂಡು ಅವನ ಜೀವ ಬಾಯಿಗೆ ಬಂದಿತ್ತು.

ಗುರು ಒಂದು ಕತೆ ಹೇಳಿದರು.

ಒಬ್ಬ ಮುದುಕಿಯಿದ್ದಳು. ದನಕರುಗಳ ವಿಷಯದಲ್ಲಿ ಅವಳು ಹೇಳಿದ್ದೇ ಮಾತು. ಎಲ್ಲಿ ಎಮ್ಮೆ ಈಯಲು ತಿಣುಕಿದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಆ ವರ್ಷ ಅವಳ ಕೊಟ್ಟಿಗೆಯಲ್ಲಿ ಎಮ್ಮೆ ಗಬ್ಬವಾಗಿತ್ತು, ಮನೆಯಲ್ಲಿ ಸೊಸೆ ಬಸುರಿಯಾಗಿದ್ದಳು. ಎಮ್ಮೆಗೆ ದಿನವೂ ನೆನೆಸಿದ ಹತ್ತಿಕಾಳು, ಹಿಂಡಿ, ತಿಂದು ಮಿಗುವಷ್ಟು ಮೇವು. ಸೊಸೆಗೆ ಹೊತ್ತಿಗೊಂದು ರೊಟ್ಟಿ. ಮುದುಕಿ ಕೆಟ್ಟವಳೇನಲ್ಲ. ಅವಳ ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸು ದಪ್ಪವಿತ್ತೆಂದು ಅಂದು ಯಾರೋ ಆಡಿದ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಒಂದು ಮಧ್ಯಾಹ್ನ ಮುದುಕಿ ಮಗನಿಗೂ ಸೊಸೆಗೂ ಬಡಿಸುತ್ತಿದ್ದಾಗ ಒಬ್ಬ ರೈತ ಬಂದ.

“ಯವ್ವಾ, ನಮ್ಮ ಎಮ್ಮಿ ಗಬ್ಬ ಐತ್ರಿ. ಕರ ಸಣ್ಣದಾದ್ರ ಸುರಳೀತ ಈಯತೈತಿ ಅಂತ ಮೇವು ಕಡಿಮಿ ಮಾಡಿದ್ನಿ. ಈಗ ಮ್ಯಾಲ ಏಳವಲ್ದು.”

ಮುದುಕಿಗೆ ಸಿಟ್ಟು ನೆತ್ತಿಗೇರಿತು.

“ಏ ಹುಚ್ಚಪ್ಪಾ, ತಾಯಿ ಮೈಯಾಗ ಕಸುವು ಇಲ್ಲಂದ್ರ ಕರ ಹೆಂಗ ಹೊರಗ ಬರಬೇಕು? ಹೊಟ್ಟಿಗೆ ಹಾಕಲಾರ್ದ, ಎರಡೂ ಜೀವ ಕಳಕೊಂತಿಯೇನು? ಹೋಗು, ಮೊದಲ ಮೇವು ಹಾಕು!”

ರೈತ ಓಡಿದ. ಸೊಸೆ ತನ್ನ ತಟ್ಟೆ ಹಿಡಿದು ಎದ್ದಳು. ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕದಲ್ಲಿ ಕೂತಳು.

“ಅತ್ತಿ, ಇವತ್ತಿಂದ ನನಗೂ ಇಲ್ಲೇ ಹಾಕ್ರಿ” ಎಂದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಕಲ್ಮೇಶನಿಗೆ ತಡೆಯಲಾಗಲಿಲ್ಲ.

“ಆಮೇಲೆ ಅತ್ತೆ ಏನು ಮಾಡಿದಳು?”

“ಅಳುತ್ತ ರೊಟ್ಟಿಯ ಬುಟ್ಟಿಯನ್ನೇ ತಂದು ಸೊಸೆಯ ಮುಂದಿಟ್ಟಳು.”

ಕಲ್ಮೇಶ ನಿಟ್ಟುಸಿರು ಬಿಟ್ಟ. ತಾಯಿಗೆ ಈ ಕತೆಯನ್ನು ಹೇಳಬೇಕು ಎಂದುಕೊಂಡು ಏಳಲು ಹೊರಟ.

ಆಗ ಗುರು ಹೇಳಿದರು: “ಅಷ್ಟು ದಿನ ಅವಳೆದುರೇ ಕೂತು ಹೊಟ್ಟೆ ತುಂಬ ಉಂಡ ಗಂಡ ಏನು ಮಾಡಿದನೆಂದು ನೀನು ಕೇಳಲೇ ಇಲ್ಲ.”