ಮೊದಲ ಸಾಲು ಕೇಳದ ಯಂತ್ರ

ಒಂದು ಊರಿನ ಆಸ್ಪತ್ರೆಯಲ್ಲಿ ತಿಪ್ಪೇಶ ಎಂಬ ಕಂಪ್ಯೂಟರ್ ಮೇಲ್ವಿಚಾರಕನಿದ್ದ. ಕೆಲಸದಲ್ಲಿ ಚುರುಕು. ಆದರೆ ಯಾರಿಗೂ ಇಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಇಂಥ ದಾಕ್ಷಿಣ್ಯದವರನ್ನು ನಾವು ಒಳ್ಳೆಯವರು ಎಂದು ಹೊಗಳುತ್ತೇವೆ. ಮುಂದೇನಾಯಿತು ಕೇಳಿ, ಆಮೇಲೆ ಬೇಕಾದರೆ ಹೊಗಳಿ.

ಆಸ್ಪತ್ರೆಯ ಫೋನು, ಟಿವಿ, ಕಂಪ್ಯೂಟರು, ಯಂತ್ರಗಳ ತಂತಿಗಳೆಲ್ಲ ಸ್ವಿಚ್ ಎಂಬ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಅವು ಕಳಿಸುವ ಮಾಹಿತಿ ಒಟ್ಟಿಗೆ ನುಗ್ಗಿದಾಗ ಸ್ವಿಚ್ ಅದರ ಮೇಲಿನ ಗುರುತು ನೋಡಿ ಸಾಲು ಮಾಡುತ್ತದೆ. ಮೊದಲ ಸಾಲಿನದು ಮುಂದೆ ಹೋಗುತ್ತದೆ, ಕೊನೆಯ ಸಾಲಿನದು ಕಾಯುತ್ತದೆ. ಯಾವುದಕ್ಕೆ ಯಾವ ಗುರುತು ಎಂದು ತೀರ್ಮಾನಿಸುವವನು ತಿಪ್ಪೇಶ. ಸ್ವಿಚ್ ಪಾಪ, ಹೇಳಿದಷ್ಟು ಮಾಡುತ್ತದೆ.

ಮೊದಲು ಆಸ್ಪತ್ರೆಯ ಒಡೆಯರಾದ ಡಾಕ್ಟರ್ ಚನ್ನಕೇಶವ ಕರೆದರು. "ನನ್ನ ರೂಮಿನ ಟಿವಿಲಿ ಕ್ರಿಕೆಟ್ ನಿಂತು ನಿಂತು ಬರುತ್ತಲ್ಲಪ್ಪ."

"ಈಗ್ಲೇ ಸರಿ ಮಾಡ್ತೀನಿ ಸಾರ್" ಎಂದ ತಿಪ್ಪೇಶ ಅದನ್ನು ಮೊದಲ ಸಾಲಿಗೆ ಹಾಕಿದ.

ಸುದ್ದಿ ಹಬ್ಬಿತು. ಅಕೌಂಟ್ಸ್‌ನವರು ಬಂದರು, ಕ್ಯಾಂಟೀನಿನವರು ಬಂದರು. ಒಡೆಯರ ಭಾವಮೈದ ನೋಡುವ ಸಿನಿಮಾ ಕೂಡ ಮೊದಲ ಸಾಲಿಗೇ ಹೋಯಿತು. ಎಲ್ಲರ ಬಾಯಲ್ಲೂ ತಿಪ್ಪೇಶನ ಗುಣಗಾನ.

ಆ ವಾರವೇ ಅವನ ತಾಯಿ ಓಬಮ್ಮನಿಗೆ ಎದೆನೋವು ಬಂತು. ಅದೇ ಆಸ್ಪತ್ರೆಯ ಐಸಿಯುಗೆ ಸೇರಿಸಿದ. ಹಾಸಿಗೆ ಪಕ್ಕದ ಮಾನಿಟರ್ ಆಕೆಯ ಎದೆಬಡಿತವನ್ನು ಹೊರಗೆ ನರ್ಸ್‌ಗಳ ಮುಂದಿನ ಪರದೆಗೆ ಕಳಿಸುತ್ತಿತ್ತು. ಅವತ್ತು ಮಧ್ಯಾಹ್ನ ದೊಡ್ಡ ಮ್ಯಾಚು. ತಿಪ್ಪೇಶ ಪರದೆಯ ಮುಂದೆ ನಿಂತಿದ್ದ. ಅಮ್ಮನ ಎದೆಬಡಿತದ ಗೆರೆ ಸರಿಯಾಗಿಯೇ ಇತ್ತು. ಸದ್ಯ, ಅಮ್ಮ ಉಳಿದಳು ಅಂದುಕೊಂಡ.

ಅಷ್ಟರಲ್ಲಿ ಔಷಧಿ ಕೊಡಲು ಒಳಗೆ ಹೋಗಿದ್ದ ಸಿಸ್ಟರ್ ಗ್ರೇಸಮ್ಮ ಬಾಗಿಲು ತೆರೆದು ಕಿರುಚಿದರು. "ಡಾಕ್ಟ್ರನ್ನ ಕರೀರಿ! ಅಜ್ಜಿಗೆ ಉಸಿರೇ ಇಲ್ಲ!"

ತಿಪ್ಪೇಶ ಡಾಕ್ಟರನ್ನು ಕೂಗಿ ಪರದೆಯತ್ತ ತಿರುಗಿದ. ಒಳಗೆ ಯಂತ್ರ ಅರಚಿಕೊಳ್ಳುತ್ತಿತ್ತು, ಗಾಜಿನ ಬಾಗಿಲು ಮುಚ್ಚಿದ್ದರಿಂದ ಆಚೆ ಕೇಳಿಸಿರಲಿಲ್ಲ. ಕಣ್ಣೆದುರಿನ ಪರದೆಯಲ್ಲಿ ಮಾತ್ರ ಅಮ್ಮ ಇನ್ನೂ ಚೆನ್ನಾಗಿಯೇ ಇದ್ದಳು! ಅವನು ಇಷ್ಟು ಹೊತ್ತು ನೆಮ್ಮದಿಯಿಂದ ನೋಡುತ್ತಿದ್ದದ್ದು ತಡವಾಗಿ ಬರುತ್ತಿದ್ದ ಹಳೆಯ ಗೆರೆ.

ಡಾಕ್ಟರುಗಳು ಓಡಿಬಂದು ಎದೆ ಒತ್ತಿದರು. ಹೋದ ಜೀವ ಹೇಗೋ ಮರಳಿತು. ಗ್ರೇಸಮ್ಮ ಆ ಗಳಿಗೆಯಲ್ಲಿ ಒಳಗೆ ಹೋಗದಿದ್ದರೆ?

ತಿಪ್ಪೇಶ ಹೋಗಿ ಸ್ವಿಚ್ ಪರೀಕ್ಷಿಸಿದ. ಮೊದಲ ಸಾಲಿನ ತುಂಬ ಕ್ರಿಕೆಟ್ಟು, ಸಿನಿಮಾ. ಅಮ್ಮನ ಮಾನಿಟರ್ ಕಳಿಸಿದ್ದು ಕೊನೆಯ ಸಾಲಿನಲ್ಲಿ ಕೊಳೆಯುತ್ತಿತ್ತು. ಬೇಕೆಂದು ಅಲ್ಲಿಗೆ ಯಾರೂ ಹಾಕಿರಲಿಲ್ಲ. ಗುರುತಿಲ್ಲದ್ದೆಲ್ಲ ಕೊನೆಯ ಸಾಲಿಗೇ ಬೀಳುತ್ತದೆ.

"ಅಯ್ಯೋ ದೇವರೇ! ಕೇಳಿದೋರಿಗೆಲ್ಲ ಕೊಟ್ಟೆ. ಇದು ಕೇಳ್ಲೇ ಇಲ್ವಲ್ಲ!" ಎಂದು ಹಣೆ ಚಚ್ಚಿಕೊಂಡ. ಆಮೇಲೆ ರೋಗಿಗಳ ಮಾನಿಟರ್‌ಗಳನ್ನೆಲ್ಲ ಮೊದಲ ಸಾಲಿಗೆ ತಂದ. ಮ್ಯಾಚನ್ನೂ ಸಿನಿಮಾವನ್ನೂ ಕೊನೆಗೆ ತಳ್ಳಿದ.

ಕೂಡಲೇ ಫೋನ್ ಬಡಿದುಕೊಂಡಿತು. "ತಿಪ್ಪೇಶ, ಮ್ಯಾಚ್ ಮತ್ತೆ ನಿಂತ್ಹೋಯ್ತಲ್ಲೋ!" ಒಡೆಯರ ದನಿ.

"ನಿಲ್ಲಲಿ ಸಾರ್" ಎಂದ ತಿಪ್ಪೇಶ.

ನೀತಿ: ಸರದಿ ಕೊಡುವವನು ಕೇಳಿದವರ ಮುಖ ನೋಡಬಾರದು, ಕೆಲಸದ ತುರ್ತು ನೋಡಬೇಕು. ಎಲ್ಲರಿಗಿಂತ ಮೊದಲು ಹೋಗಬೇಕಾದವರಿಗೆ ಎಷ್ಟೋ ಸಲ ಕೇಳಲು ಬಾಯಿರುವುದಿಲ್ಲ.