ಪಕ್ಕದ ಕುರ್ಚಿ

“ಗುರುಗಳೇ, ನನ್ನ ಪ್ರಬಂಧದ ಕೊನೆಯಲ್ಲಿ ಆ ಹುಡುಗಿಗೂ ವಂದನೆ ಹೇಳಬೇಕೇ?” ಎಂದು ಶಿಷ್ಯ ಕೇಳಿದ. “ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು, ಅಷ್ಟೇ. ನನ್ನ ಪ್ರೋಗ್ರಾಮಿನ ತಪ್ಪು ಕಂಡುಹಿಡಿದವನು ನಾನೇ.”

ಗುರುಗಳು ಪ್ರಬಂಧವನ್ನು ಮಡಿಲಲ್ಲಿಟ್ಟುಕೊಂಡು ಹೇಳತೊಡಗಿದರು.

ಒಂದು ವಿದ್ಯಾಲಯದಲ್ಲಿ ಒಬ್ಬ ಕಂಪ್ಯೂಟರ್ ವಿಜ್ಞಾನಿ ಇದ್ದಳು. ಕೆಲಸಕ್ಕೆ ಸೇರಿ ನಾಲ್ಕು ವರ್ಷವೂ ಆಗಿರಲಿಲ್ಲ. ಮಾಸಿದ ಕೈಬರಹವನ್ನು ಯಂತ್ರ ಓದುವಂತೆ ಮಾಡುವುದು ಅವಳ ಸಂಶೋಧನೆ. ಅವಳ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ ಸದಾ ಖಾಲಿ ಇರುತ್ತಿತ್ತು. ಯಾರ ಪ್ರೋಗ್ರಾಮು ಕೈಕೊಟ್ಟರೂ ಅವರು ಬಂದು ಅಲ್ಲಿ ಕೂರುತ್ತಿದ್ದರು. ಅವಳು ಕೀಲಿಮಣೆ ಮುಟ್ಟುತ್ತಿರಲಿಲ್ಲ. “ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿ. ಯಾವ ಸಾಲು ಏನು ಮಾಡುತ್ತೆ ಅಂತ ನನಗೆ ಹೇಳಿ” ಎನ್ನುತ್ತಿದ್ದಳು. ಓದುವವರು ಎಲ್ಲಾದರೂ ತಡವರಿಸಿದರೆ ಅದನ್ನೇ ಇನ್ನೊಮ್ಮೆ ಓದಿಸುತ್ತಿದ್ದಳು. ಎರಡನೆಯ ಸಲಕ್ಕೆ ತಪ್ಪು ಅವರ ಕಣ್ಣಿಗೇ ಬೀಳುತ್ತಿತ್ತು. ತಮ್ಮ ಬುದ್ಧಿಗೆ ತಾವೇ ತಲೆದೂಗಿ ಎದ್ದು ಹೋಗುತ್ತಿದ್ದರು. ದೊಡ್ಡ ಜಾಣರಲ್ಲವೇ, ಕುರ್ಚಿಯನ್ನು ಹಿಂದಕ್ಕೆ ಸರಿಸಿಡಲೂ ಅವರಿಗೆ ಪುರುಸೊತ್ತಿರಲಿಲ್ಲ.

ಆ ವರ್ಷ ಒಂದು ಪ್ರಶಸ್ತಿಗೆ ಅವಳ ಹೆಸರು ಬಂತು. ಸಂಶೋಧನೆಯ ಜೊತೆಗೆ ಇತರರನ್ನೂ ಬೆಳೆಸಿದ ಯುವ ವಿಜ್ಞಾನಿಗೆ ಕೊಡುವ ಪ್ರಶಸ್ತಿ. ಅವಳದು ಹಂಗಾಮಿ ಕೆಲಸ. ಪ್ರಶಸ್ತಿ ಬಂದರೆ ಕಾಯಂ, ಇಲ್ಲದಿದ್ದರೆ ಮಾರ್ಚಿಗೆ ಮನೆಗೆ. ಅವಳ ಸಂಶೋಧನೆಯನ್ನು ಸಮಿತಿ ಒಪ್ಪಿತು. ಅವಳು ಯಾರನ್ನು ಬೆಳೆಸಿದಳೆಂದು ತಿಳಿಯಲು, ಆ ಕುರ್ಚಿಯಲ್ಲಿ ಕೂತೆದ್ದ ಹನ್ನೊಂದು ಜನರಿಂದ ಪತ್ರ ತರಿಸಿತು.

ಸಮಿತಿಯ ಅಧ್ಯಕ್ಷೆ ಒಬ್ಬ ಹಿರಿಯ ಪ್ರಾಧ್ಯಾಪಕಿ. ಅವರು ಮೊದಲ ಪತ್ರ ಓದಿದರು. “ನನ್ನ ಪ್ರೋಗ್ರಾಮು ಮೂರು ತಿಂಗಳಿಂದ ನಡೆಯುತ್ತಿರಲಿಲ್ಲ. ಇವರು ಏನೂ ಹೇಳಿಕೊಡಲಿಲ್ಲ, ಪಕ್ಕದಲ್ಲಿ ಕೂತಿದ್ದರು. ತಪ್ಪನ್ನು ನಾನೇ ಕಂಡುಹಿಡಿದೆ.” ಎರಡನೆಯದರಲ್ಲೂ ಅದೇ ಮಾತು. ಹನ್ನೊಂದರಲ್ಲೂ ಅದೇ. ಏಳನೆಯದರಲ್ಲಿ ಒಂದು ಸಾಲು ಹೆಚ್ಚಿಗಿತ್ತು: “ಸುಮ್ಮನೆ ಕೂರುವವರಿಗೆಲ್ಲ ಪ್ರಶಸ್ತಿ ಏಕೆ?”

ಸದಸ್ಯರು ಕಡತ ಮುಚ್ಚಲು ಹೊರಟರು. ಅಧ್ಯಕ್ಷೆ ಕಡತದ ಮೇಲೆ ಕೈಯಿಟ್ಟು ತಡೆದರು.

“ತಿಂಗಳುಗಟ್ಟಲೆ ದಾರಿ ಕಾಣದೆ ಕೂತಿದ್ದವರು ಇವರು. ಹನ್ನೊಂದು ಜನಕ್ಕೂ ಅದೇ ಕುರ್ಚಿಯಲ್ಲೇ ದಾರಿ ಸಿಕ್ಕಿದೆ. ಒಬ್ಬರಿಗೂ ಅದು ಗೊತ್ತೇ ಆಗಿಲ್ಲವಲ್ಲ” ಎಂದರು. ಸದಸ್ಯರು ಪತ್ರಗಳನ್ನು ಮತ್ತೆ ಮೊದಲಿನಿಂದ ಓದಿದರು.

ಪ್ರಶಸ್ತಿ ಅವಳಿಗೇ ಬಂತು. ಸಮಾರಂಭದ ದಿನ ಅಧ್ಯಕ್ಷೆ ಹೊಗಳಿಕೆಯ ಮಾತೊಂದನ್ನೂ ಆಡಲಿಲ್ಲ. ಆ ಹನ್ನೊಂದು ಪತ್ರಗಳನ್ನು, ಬರೆದವರ ಹೆಸರು ಹೇಳದೆ, ಒಂದಾದ ಮೇಲೊಂದು ಓದಿದರು. ಬರೆದವರೆಲ್ಲ ಸಭೆಯಲ್ಲೇ ಇದ್ದರು. ತನ್ನೊಬ್ಬನದೇ ಎಂದುಕೊಂಡಿದ್ದ ಮಾತು ಇನ್ನೂ ಹತ್ತು ಬಾಯಲ್ಲಿ ಬಂದದ್ದು ಕೇಳಿ ಒಬ್ಬೊಬ್ಬರೂ ಬೆಚ್ಚಿದರು. ತಲೆ ಎತ್ತಲಾಗಲಿಲ್ಲ. ಅವಳು ಮಾತ್ರ, “ಅವರು ಬರೆದದ್ದು ಸುಳ್ಳಲ್ಲ, ಕಂಡುಹಿಡಿದವರು ಅವರೇ” ಎಂದು ಕೂತುಬಿಟ್ಟಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆ ಏಳನೆಯ ಪತ್ರ ಬರೆದವನು ಎಂಥ ಮನುಷ್ಯ, ಗುರುಗಳೇ?”

ಗುರುಗಳು ಪ್ರಬಂಧದ ಕೊನೆಯ ಪುಟ ತೆರೆದು ಅವನ ಕೈಗಿಟ್ಟರು.

“ಬರೆದವನು ನಾನು.”